ಕಪ್ಪು–ಬಿಳುಪು ಕೌಬಾಯ್ ಚಿತ್ರಗಳ ಮರುನೋಟ: ಕೈಯಲ್ಲಿರುವುದು ಯಾವ ಪ್ರತಿ?

ಹಾಲಿವುಡ್‌ನ ಕಪ್ಪು–ಬಿಳುಪು ಕೌಬಾಯ್ ಚಿತ್ರಗಳನ್ನು ಅವು ತೆರೆಕಂಡ ಕಾಲದಲ್ಲೇ ಚಿತ್ರಮಂದಿರದಲ್ಲಿ ಕುಳಿತು ನೋಡಿದವರು ಈಗ ವಿರಳ. ನಂತರದ ತಲೆಮಾರುಗಳಿಗೆ ಇವು ಪರಿಚಯವಾದದ್ದು ಟಿ.ವಿ. ಪರದೆಯ ಮೇಲೆ, ವಿಡಿಯೊ ಕ್ಯಾಸೆಟ್‌ಗಳಲ್ಲಿ, ಇಲ್ಲವೇ ಅಗ್ಗದ ಡಿಸ್ಕ್‌ಗಳಲ್ಲಿ. ಮಸುಕಾದ ಚಿತ್ರ, ಗೊರಗುಡುವ ಧ್ವನಿ, ನಡುನಡುವೆ ಹಾರಿಹೋಗುವ ದೃಶ್ಯ – ಹಳೆಯ ಸಿನಿಮಾ ಎಂದರೆ ಇಷ್ಟೇ ಎಂದು ಬಹಳಷ್ಟು ಮಂದಿ ಭಾವಿಸಿದ್ದರು.

ಆದರೆ ಆ ದೋಷಗಳು ಚಿತ್ರದವಲ್ಲ, ಪ್ರತಿಯವು. ಕಳೆದ ಮೂರು ದಶಕಗಳಲ್ಲಿ ಹಲವು ಪ್ರಮುಖ ಚಿತ್ರಗಳನ್ನು ಹುಡುಕಿ, ಶುಚಿಗೊಳಿಸಿ ಡಿವಿಡಿ ಹಾಗೂ ಬ್ಲೂ–ರೇ ರೂಪದಲ್ಲಿ ಹೊರತರಲಾಗಿದೆ. ಅವುಗಳನ್ನು ಮತ್ತೊಮ್ಮೆ ನೋಡಿದಾಗ, ಹಿಂದೆ ನೋಡಿದ್ದು ಕತ್ತರಿಸಿದ, ಸವೆದ ಅಥವಾ ಬಣ್ಣ ಬಳಿದ ಮತ್ತೊಂದೇ ರೂಪವಾಗಿತ್ತು ಎಂಬ ಅರಿವು ಮೂಡುತ್ತದೆ. ಹಾಗಾಗಿ ಈ ಚಿತ್ರಗಳ ಮರುನೋಟದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಕೈಯಲ್ಲಿರುವುದು ಯಾವ ಪ್ರತಿ ಎಂಬುದು.

ಹಿನ್ನೆಲೆ

19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಶ್ಚಿಮ ಪ್ರಾಂತ್ಯಗಳಲ್ಲಿ ದನಗಳ ದೊಡ್ಡ ಮಂದೆಗಳನ್ನು ನೂರಾರು ಮೈಲಿ ಅಟ್ಟಿಕೊಂಡು ಹೋಗಿ ರೈಲು ನಿಲ್ದಾಣಗಳಿಗೆ ಮುಟ್ಟಿಸುತ್ತಿದ್ದ ಸಂಬಳದ ಆಳುಗಳೇ ಕೌಬಾಯ್‌ಗಳು. ಅವರಲ್ಲಿ ಆಫ್ರಿಕನ್ ಅಮೆರಿಕನ್ನರೂ ಮೆಕ್ಸಿಕೊ ಮೂಲದವರೂ ಗಣನೀಯ ಸಂಖ್ಯೆಯಲ್ಲಿದ್ದರು. ತೆರೆಯ ಮೇಲೆ ಮಾತ್ರ ಕೌಬಾಯ್ ಎಂದರೆ ಬಿಳಿಯ ನಾಯಕನೇ ಆದ.

ಎಡ್ವಿನ್ ಎಸ್. ಪೋರ್ಟರ್ 1903ರಲ್ಲಿ ಎಡಿಸನ್ ಕಂಪನಿಗಾಗಿ ತಯಾರಿಸಿದ ‘ದಿ ಗ್ರೇಟ್ ಟ್ರೈನ್ ರಾಬರಿ’ ಈ ಬಗೆಯ ಚಿತ್ರಗಳಿಗೆ ದಾರಿ ತೋರಿತು. ಅದರ ಅವಧಿ ಸುಮಾರು 12 ನಿಮಿಷ. ಪಶ್ಚಿಮದ ಕಥೆಯಾದರೂ ಚಿತ್ರೀಕರಣ ನಡೆದದ್ದು ಬಹುಮಟ್ಟಿಗೆ ಪೂರ್ವ ಕರಾವಳಿಯ ನ್ಯೂಜೆರ್ಸಿಯಲ್ಲಿ. ಮುಂದೆ ಮೂಕಿ ಯುಗದಲ್ಲಿ ಬ್ರಾಂಕೊ ಬಿಲ್ಲಿ ಆ್ಯಂಡರ್ಸನ್, ವಿಲಿಯಂ ಎಸ್. ಹಾರ್ಟ್, ಟಾಮ್ ಮಿಕ್ಸ್ ಮೊದಲಾದವರು ತಾರೆಗಳಾಗಿ ಮೆರೆದರು.

ಅವರ ಚಿತ್ರಗಳಲ್ಲಿ ಉಳಿದದ್ದು ಅಲ್ಪ. ಆ ಕಾಲದ ಫಿಲ್ಮ್ ನೈಟ್ರೇಟ್‌ನಿಂದ ತಯಾರಾಗುತ್ತಿತ್ತು. ಅದು ಬೇಗನೆ ಬೆಂಕಿಗೆ ತುತ್ತಾಗುವ, ಕಾಲಕ್ರಮದಲ್ಲಿ ತಾನಾಗಿಯೇ ಕರಗಿ ಪುಡಿಯಾಗುವ ವಸ್ತು. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು, ಟಾಮ್ ಮಿಕ್ಸ್ ಅವರ ಅನೇಕ ಚಿತ್ರಗಳು ಸೇರಿದಂತೆ ಆ ಸಂಸ್ಥೆಯ ಮೂಕಿ ಸಂಗ್ರಹದ ಬಹುಭಾಗ ನಾಶವಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗೆ ಅಲ್ಲಿ ತಯಾರಾದ ಸುಮಾರು 11 ಸಾವಿರ ಮೂಕಿ ಕಥಾಚಿತ್ರಗಳಲ್ಲಿ ಮೂಲ ಸ್ವರೂಪದಲ್ಲಿ ಪೂರ್ಣವಾಗಿ ಉಳಿದಿರುವುದು ಶೇ 14ರಷ್ಟು ಮಾತ್ರ. ಜಾನ್ ಫೋರ್ಡ್ ಅವರ ಮೊದಲ ಪೂರ್ಣಾವಧಿ ಚಿತ್ರ ‘ಸ್ಟ್ರೈಟ್ ಶೂಟಿಂಗ್’ (1917) ಹಲವು ದಶಕ ಕಾಣೆಯಾಗಿದ್ದು, ಕೊನೆಗೆ ದೊರೆತದ್ದು ದೂರದ ಪ್ರಾಗ್ ನಗರದ ಚಿತ್ರ ಸಂಗ್ರಹಾಲಯದಲ್ಲಿ. ಅದೀಗ ಡಿಸ್ಕ್ ರೂಪದಲ್ಲಿ ಹೊರಬಂದಿದೆ.

ಎರಡು ಬಗೆಯ ಆಕಾಶ

ಬಣ್ಣವಿಲ್ಲದ ಕೌಬಾಯ್ ಚಿತ್ರದಲ್ಲಿ ಅರ್ಧ ಪರದೆಯನ್ನು ಆವರಿಸುವುದು ಆಕಾಶ. ಅದನ್ನು ಹೇಗೆ ತೋರಿಸಬೇಕೆಂಬುದು ಛಾಯಾಗ್ರಾಹಕನ ಪಾಲಿಗೆ ದೊಡ್ಡ ಸವಾಲಾಗಿತ್ತು.

ಆರಂಭದ ಫಿಲ್ಮ್‌ಗೆ ಕೆಂಪು ಬಣ್ಣವನ್ನು ಗ್ರಹಿಸುವ ಶಕ್ತಿ ಇರಲಿಲ್ಲ. ನೀಲಿಯನ್ನು ಅದು ಅತಿಯಾಗಿ ಗ್ರಹಿಸುತ್ತಿತ್ತು. ಹೀಗಾಗಿ ನೀಲಿ ಆಕಾಶ ಬರೀ ಬಿಳಿಯಾಗಿ ಕಾಣುತ್ತಿತ್ತು. 1920ರ ದಶಕದ ಉತ್ತರಾರ್ಧದಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದಮೇಲೆ, ಲೆನ್ಸಿನ ಮುಂದೆ ಹಳದಿ ಅಥವಾ ಕೆಂಪು ಗಾಜು ಇಟ್ಟು ಆಕಾಶವನ್ನು ಕಡುಬೂದು ಮಾಡಿ, ಅದರ ಮೇಲೆ ಬೆಳ್ಮುಗಿಲುಗಳನ್ನು ಎದ್ದು ಕಾಣಿಸುವುದು ಸಾಧ್ಯವಾಯಿತು. ಜಾನ್ ಫೋರ್ಡ್ ಅವರ ‘ಫೋರ್ಟ್ ಅಪಾಚೆ’ (1948) ಚಿತ್ರದ ಹೊರಾಂಗಣ ದೃಶ್ಯಗಳಿಗೆ ಇನ್‌ಫ್ರಾರೆಡ್ ಫಿಲ್ಮ್ ಕೂಡ ಬಳಸಲಾಯಿತು. ಮಾನ್ಯುಮೆಂಟ್ ವ್ಯಾಲಿಯ ಬಂಡೆಗಳ ಹಿಂದೆ ಕವಿಯುವ ಆ ಮೋಡಗಳು ಮುಂದಿನ ದುರಂತದ ಮುನ್ಸೂಚನೆಯಂತಿವೆ.

ಫ್ರೆಡ್ ಜಿನ್ನೆಮನ್ ನಿರ್ದೇಶನದ ‘ಹೈ ನೂನ್’ (1952) ಚಿತ್ರದಲ್ಲಿ ನಡೆದದ್ದು ಇದಕ್ಕೆ ತೀರಾ ವಿರುದ್ಧ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಗಾಜುಗಳನ್ನು ಬಳಸದೆ, ಆಕಾಶವನ್ನು ಬಿಸಿಲಿನಿಂದ ಬಿಳಿಚಿಕೊಂಡಂತೆ ಚಿತ್ರಿಸಿದರು. ಅಮೆರಿಕದ ಅಂತರ್ಯುದ್ಧ ಕಾಲದ ಮ್ಯಾಥ್ಯೂ ಬ್ರೇಡಿ ಅವರ ಛಾಯಾಚಿತ್ರಗಳಂತೆ ಚಿತ್ರ ಕಾಣಬೇಕೆಂಬುದು ನಿರ್ದೇಶಕರ ಅಪೇಕ್ಷೆಯಾಗಿತ್ತು. ಊರಿಗೆ ಊರೇ ಕೈಬಿಟ್ಟ ಮಾರ್ಷಲ್ ಒಬ್ಬನೇ ನಡುಬೀದಿಯಲ್ಲಿ ನಿಂತಾಗ, ನೆರಳಿಲ್ಲದ ಆ ಬೆಳಕು ಅವನ ಒಂಟಿತನವನ್ನು ಇಮ್ಮಡಿಗೊಳಿಸುತ್ತದೆ.

ಸವೆದ ಕ್ಯಾಸೆಟ್‌ನಲ್ಲಿ ಈ ಎರಡೂ ಆಕಾಶಗಳು ಒಂದೇ ಬಗೆಯ ಮಾಸಲು ಬೂದಿಗೆ ಇಳಿಯುತ್ತವೆ. ‘ಫೋರ್ಟ್ ಅಪಾಚೆ’ಯ ಮೋಡ ಕರಗಿಹೋಗುತ್ತದೆ, ‘ಹೈ ನೂನ್’ನ ಬಿಳುಪು ಕೆಟ್ಟ ಮುದ್ರಣದಂತೆ ತೋರುತ್ತದೆ. ಒಂದು ಪ್ರತಿಯ ಗುಣಮಟ್ಟ ಅರಿಯಲು ಅದರ ಆಕಾಶವನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಚಿತ್ರಗಳು ಮನೆಗೆ ಬಂದ ಬಗೆ

ಈ ಚಿತ್ರಗಳು ಮೊದಲು ಮನೆ ಹೊಕ್ಕಿದ್ದು 1940ರ ದಶಕದ ಕೊನೆಯಲ್ಲಿ, ಅಮೆರಿಕದ ಟಿ.ವಿ. ವಾಹಿನಿಗಳ ಮೂಲಕ. ಸ್ವಂತಕ್ಕೆ ಇಟ್ಟುಕೊಳ್ಳಬಹುದಾದ ರೂಪ ಬಂದದ್ದು 1975ರಲ್ಲಿ ಬೀಟಾಮ್ಯಾಕ್ಸ್ ಮತ್ತು 1976ರಲ್ಲಿ ವಿಎಚ್‌ಎಸ್ ಮಾರುಕಟ್ಟೆಗೆ ಬಂದ ನಂತರ. 1977ರಲ್ಲಿ ಮ್ಯಾಗ್ನೆಟಿಕ್ ವಿಡಿಯೊ ಎಂಬ ಸಂಸ್ಥೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಚಿತ್ರಗಳ ಹಕ್ಕು ಪಡೆದು ಕ್ಯಾಸೆಟ್ ಮಾರಾಟ ಆರಂಭಿಸಿತು. ಮನೆಯಲ್ಲಿ ಟಿ.ವಿ. ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಅನಂತರ ನೋಡುವುದು ಕಾನೂನುಬಾಹಿರವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪು ನೀಡಿದ್ದು ಈ ಉದ್ಯಮದ ಬೆಳವಣಿಗೆಗೆ ನೆರವಾಯಿತು.

ವಿಎಚ್‌ಎಸ್ ಟೇಪಿನಲ್ಲಿ ಉಳಿಯುತ್ತಿದ್ದ ಸೂಕ್ಷ್ಮತೆ ಸುಮಾರು 240 ಗೆರೆಗಳಷ್ಟು. 1996–97ರಲ್ಲಿ ಬಂದ ಡಿವಿಡಿ ಅದನ್ನು 480 ಅಥವಾ 576 ಗೆರೆಗಳಿಗೆ ಏರಿಸಿತು. 2006ರಲ್ಲಿ ಬಂದ ಬ್ಲೂ–ರೇ 1,080ಕ್ಕೆ ಕೊಂಡೊಯ್ದಿತು. ಭಾರತದಲ್ಲಿ ಈ ನಡುವೆ ವಿಸಿಡಿಯದೇ ದರ್ಬಾರು ನಡೆದಿತ್ತು. ಅದರ ಒಂದು ಡಿಸ್ಕ್‌ನಲ್ಲಿ ಸುಮಾರು 74 ನಿಮಿಷದ ಚಿತ್ರವಷ್ಟೇ ಹಿಡಿಯುತ್ತಿದ್ದುದರಿಂದ, ಒಂದೂವರೆ ಗಂಟೆಯ ಚಿತ್ರಕ್ಕೂ ಎರಡು ಡಿಸ್ಕ್ ಬೇಕಾಗುತ್ತಿದ್ದವು. ಕಥೆ ಬಿಗಿಯಾಗುವ ಹೊತ್ತಿಗೆ ಎದ್ದು ಡಿಸ್ಕ್ ಬದಲಿಸಬೇಕಾಗುತ್ತಿತ್ತು.

ಕತ್ತರಿ ಬಿದ್ದ ಪ್ರತಿಗಳು

1930 ಹಾಗೂ 40ರ ದಶಕಗಳಲ್ಲಿ ಕೌಬಾಯ್ ಚಿತ್ರಗಳ ಬಹುಪಾಲು ‘ಬಿ’ ದರ್ಜೆಯವು. ಸುಮಾರು ಒಂದು ಗಂಟೆಯ ಅವಧಿ, ಕಡಿಮೆ ಬಂಡವಾಳ, ಕೆಲವೇ ದಿನಗಳ ಚಿತ್ರೀಕರಣ. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯಲ್ಲಿ ಇವು ಎರಡನೆಯ ಚಿತ್ರವಾಗಿ ಪ್ರದರ್ಶನಗೊಳ್ಳುತ್ತಿದ್ದವು. ಶನಿವಾರದ ಹಗಲು ಪ್ರದರ್ಶನಕ್ಕೆ ಮುಗಿಬೀಳುತ್ತಿದ್ದ ಮಕ್ಕಳೇ ಇವುಗಳ ನಿಷ್ಠಾವಂತ ಪ್ರೇಕ್ಷಕರು.

ವಿಲಿಯಂ ಬಾಯ್ಡ್ ನಟಿಸಿದ ‘ಹಾಪಲಾಂಗ್ ಕ್ಯಾಸಿಡಿ’ ಸರಣಿಯಲ್ಲಿ 1935ರಿಂದ 1948ರ ನಡುವೆ 66 ಚಿತ್ರಗಳು ಬಂದವು. ಚಿತ್ರಗಳ ಕಾಲ ಮುಗಿಯಿತು ಎಂದು ಇತರರು ಭಾವಿಸಿದ್ದಾಗ ಬಾಯ್ಡ್ ಅವುಗಳ ಹಕ್ಕನ್ನು ಕೊಂಡರು. 1949ರಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರ ಆರಂಭವಾದಾಗ ಅವರ ಅದೃಷ್ಟವೇ ಬದಲಾಯಿತು. ಮಕ್ಕಳ ಊಟದ ಡಬ್ಬಿಯ ಮೇಲೂ ಅವರ ಚಿತ್ರ ರಾರಾಜಿಸಿತು. ಆದರೆ ಜಾಹೀರಾತಿಗೆ ಜಾಗ ಮಾಡಿಕೊಡಲು ಅನೇಕ ಚಿತ್ರಗಳನ್ನು 54 ನಿಮಿಷಕ್ಕೆ ಇಳಿಸಲಾಯಿತು. ಹಾಡುವ ಕೌಬಾಯ್ ಎಂದೇ ಹೆಸರಾದ ಜೀನ್ ಆಟ್ರಿ, ರಾಯ್ ರೋಜರ್ಸ್ ಅವರ ಚಿತ್ರಗಳಿಗೂ ಇದೇ ಗತಿ ಒದಗಿತು. ಕತ್ತರಿ ಮೊದಲು ಬೀಳುತ್ತಿದ್ದುದು ಹಾಡು ಮತ್ತು ಹಾಸ್ಯ ದೃಶ್ಯಗಳ ಮೇಲೆ. ಆಟ್ರಿ ಚಿತ್ರಗಳಿಗೆ ಜನ ಬರುತ್ತಿದ್ದುದೇ ಹಾಡು ಕೇಳಲು ಎಂಬುದು ಇಲ್ಲಿ ಗಮನಾರ್ಹ.

ಹೀಗೆ ಮೊಟಕಾದ ಪ್ರತಿಗಳೇ ದಶಕಗಳ ಕಾಲ ಕ್ಯಾಸೆಟ್‌ಗಳಾಗಿ ಮಾರಾಟವಾದವು. ಆಟ್ರಿ ತಮ್ಮ ಚಿತ್ರಗಳ ಪ್ರತಿಗಳನ್ನು ಸ್ವಂತ ಸಂಗ್ರಹದಲ್ಲಿ ಕಾಪಾಡಿಕೊಂಡಿದ್ದರಿಂದ, ಅವರ ಚಿತ್ರಗಳನ್ನು ಪೂರ್ಣಾವಧಿಯಲ್ಲಿ ಡಿವಿಡಿ ರೂಪಕ್ಕೆ ತರುವುದು ಸಾಧ್ಯವಾಯಿತು. ಎಲ್ಲ ನಟರಿಗೂ ಆ ಭಾಗ್ಯ ಇರಲಿಲ್ಲ.

ಜಾನ್ ವೇನ್ 1933ರಿಂದ 1935ರವರೆಗೆ ಲೋನ್ ಸ್ಟಾರ್ ಸಂಸ್ಥೆಯ 16 ಚಿತ್ರಗಳಲ್ಲಿ ನಟಿಸಿದರು. ಆಗಿನ ಅಮೆರಿಕದ ಕಾಯ್ದೆಯಂತೆ 28 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯವನ್ನು ನವೀಕರಿಸಬೇಕಿತ್ತು. ಇವುಗಳಲ್ಲಿ ಅನೇಕ ಚಿತ್ರಗಳ ನವೀಕರಣ ಆಗದೆ ಅವು ಸಾರ್ವಜನಿಕ ಸ್ವತ್ತಾದವು. ಯಾರು ಬೇಕಾದರೂ ಮುದ್ರಿಸಿ ಮಾರಬಹುದಾದ್ದರಿಂದ ‘ರೈಡರ್ಸ್ ಆಫ್ ಡೆಸ್ಟಿನಿ’, ‘ಬ್ಲೂ ಸ್ಟೀಲ್’, ‘ದಿ ಸ್ಟಾರ್ ಪ್ಯಾಕರ್’ ಮುಂತಾದವು ಹತ್ತಾರು ಹೆಸರಿನ ಅಗ್ಗದ ಡಿಸ್ಕ್‌ಗಳಲ್ಲಿ ದೊರೆಯತೊಡಗಿದವು. ಕೆಲವಕ್ಕೆ ಬಣ್ಣ ಬಳಿದರು. ಮತ್ತೆ ಕೆಲವಕ್ಕೆ ಮೂಲದಲ್ಲಿ ಇಲ್ಲದ ಸಂಗೀತ ಸೇರಿಸಿದರು. ಜಾನ್ ವೇನ್ ಆರಂಭದಲ್ಲಿ ಸಾಧಾರಣ ನಟರಾಗಿದ್ದರು ಎಂಬ ಮಾತಿಗೆ ಈ ಕೆಟ್ಟ ಪ್ರತಿಗಳ ಕೊಡುಗೆಯೂ ಇದೆ.

‘ಸ್ಟೇಜ್‌ಕೋಚ್’ ಉಳಿದ ಕಥೆ

ವೇನ್ ಅವರನ್ನು ಬಿ ದರ್ಜೆಯ ಚಿತ್ರಗಳಿಂದ ಮೇಲೆತ್ತಿದ್ದು ಜಾನ್ ಫೋರ್ಡ್ ನಿರ್ದೇಶನದ ‘ಸ್ಟೇಜ್‌ಕೋಚ್’ (1939). ಒಂದು ಕುದುರೆ ಸಾರೋಟಿನಲ್ಲಿ ಒಟ್ಟಿಗೆ ಪ್ರಯಾಣಿಸುವ ಕುಡುಕ ವೈದ್ಯ, ಊರಿನಿಂದ ಹೊರಹಾಕಲ್ಪಟ್ಟ ಹೆಣ್ಣು, ಬ್ಯಾಂಕಿನ ಹಣ ಕದ್ದ ದೊಡ್ಡಮನುಷ್ಯ, ಗರ್ಭಿಣಿ, ಜೂಜುಕೋರ, ಸೆರೆಮನೆಯಿಂದ ತಪ್ಪಿಸಿಕೊಂಡ ಯುವಕ – ಇವರ ಮೂಲಕ ಒಂದು ಸಮಾಜದ ನೀತಿ–ಅನೀತಿಯನ್ನೇ ಚಿತ್ರ ತೂಗಿ ನೋಡುತ್ತದೆ. ವೈದ್ಯನ ಪಾತ್ರಕ್ಕಾಗಿ ಥಾಮಸ್ ಮಿಚೆಲ್ ಆಸ್ಕರ್ ಪಡೆದರು. ಓಡುವ ಕುದುರೆಗಳ ನಡುವೆ ಬಿದ್ದು, ಸಾರೋಟಿನ ಅಡಿಯಿಂದ ಪಾರಾಗುವ ಯಾಕಿಮಾ ಕನಟ್ ಅವರ ಸಾಹಸ ಇಂದಿಗೂ ಮೈ ನವಿರೇಳಿಸುತ್ತದೆ.

ಇಂಥ ಚಿತ್ರದ ಮೂಲ ನೆಗೆಟಿವ್ ಉಳಿದಿಲ್ಲ. ಜಾನ್ ವೇನ್ ಅವರ ಬಳಿ, ಒಮ್ಮೆಯೂ ಪ್ರೊಜೆಕ್ಟರ್‌ನಲ್ಲಿ ಓಡಿಸದ ಒಂದು ಪ್ರತಿ ಇತ್ತು. 1970ರಲ್ಲಿ ಅದನ್ನು ಅವರು ಬಳಕೆಗೆ ಕೊಟ್ಟಿದ್ದರಿಂದ ಹೊಸ ನೆಗೆಟಿವ್ ಸಿದ್ಧವಾಯಿತು. 2010ರಲ್ಲಿ ಕ್ರೈಟೀರಿಯನ್ ಸಂಸ್ಥೆ ಹೊರತಂದ ಡಿಸ್ಕ್‌ಗೆ ಆಧಾರವಾದದ್ದು 1942ರಲ್ಲಿ ತಯಾರಾಗಿದ್ದ ಮತ್ತೊಂದು ನೈಟ್ರೇಟ್ ನಕಲು ನೆಗೆಟಿವ್. ಅದರಲ್ಲೂ ಗೀರುಗಳಿವೆ, ಗೀರು ಅಳಿಸುವ ಭರದಲ್ಲಿ ಚಿತ್ರದ ಸೂಕ್ಷ್ಮತೆ ಅಳಿಯಬಾರದೆಂದು ಕೆಲವನ್ನು ಹಾಗೆಯೇ ಬಿಡಲಾಗಿದೆ. ಮಂದ ಬೆಳಕಿನ ಒಳಾಂಗಣಗಳಲ್ಲಿ ತಲೆಯ ಮೇಲೆ ಒತ್ತುವಂತೆ ಕಾಣುವ ತಗ್ಗಿನ ಸೂರು ಈ ಪ್ರತಿಯಲ್ಲಿ ಸ್ಪಷ್ಟ. ‘ಸಿಟಿಜನ್ ಕೇನ್’ ತೆಗೆಯುವ ಮುನ್ನ ಈ ಚಿತ್ರವನ್ನು ಹತ್ತಾರು ಬಾರಿ ನೋಡಿದ್ದಾಗಿ ಆರ್ಸನ್ ವೆಲ್ಸ್ ಹೇಳಿಕೊಂಡಿದ್ದರ ಅರ್ಥ ಆಗ ಹೊಳೆಯುತ್ತದೆ.

ಒಂದೇ ಚಿತ್ರ, ಎರಡು ರೂಪ

ಕೆಲವು ಚಿತ್ರಗಳಿಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ. ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ (1946) ಇದಕ್ಕೆ ಉತ್ತಮ ನಿದರ್ಶನ. ಫೋರ್ಡ್ ಒಪ್ಪಿಸಿದ ಚಿತ್ರವನ್ನು ಫಾಕ್ಸ್‌ನ ಮುಖ್ಯಸ್ಥ ಡ್ಯಾರಿಲ್ ಜಾನಕ್ ಕತ್ತರಿಸಿ, ಕೆಲವು ದೃಶ್ಯಗಳನ್ನು ಬೇರೊಬ್ಬ ನಿರ್ದೇಶಕರಿಂದ ಮತ್ತೆ ಚಿತ್ರೀಕರಿಸಿದರು. ಬಿಡುಗಡೆಯಾದ ರೂಪ 97 ನಿಮಿಷದ್ದು. ಬಿಡುಗಡೆಗೆ ಮುನ್ನ ಸಿದ್ಧವಾಗಿದ್ದ 103 ನಿಮಿಷದ ಪ್ರತಿಯೊಂದು ಹಲವು ದಶಕಗಳ ನಂತರ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಚಿತ್ರ ಸಂಗ್ರಹಾಲಯದಲ್ಲಿ ದೊರೆಯಿತು. 2004ರ ಡಿವಿಡಿ ಮತ್ತು 2014ರ ಬ್ಲೂ–ರೇಗಳಲ್ಲಿ ಎರಡೂ ಇವೆ. ಕೊನೆಯ ದೃಶ್ಯದಲ್ಲಿ ವ್ಯಾಟ್ ಅರ್ಪ್ ಪಾತ್ರಧಾರಿ ಹೆನ್ರಿ ಫೋಂಡಾ, ಬಿಡುಗಡೆಯಾದ ರೂಪದಲ್ಲಿ ಕ್ಲೆಮಂಟೈನ್‌ಳ ಕೆನ್ನೆಗೆ ಮುತ್ತಿಡುತ್ತಾರೆ. ಹಳೆಯ ರೂಪದಲ್ಲಿ ಕೈ ಕುಲುಕಿ ಹೊರಡುತ್ತಾರೆ. ಸಂಕೋಚದ ಸ್ವಭಾವದ ಆ ಪಾತ್ರಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ನೋಡುಗರೇ ತೀರ್ಮಾನಿಸಬಹುದು.

ಹೊವರ್ಡ್ ಹಾಕ್ಸ್ ಅವರ ‘ರೆಡ್ ರಿವರ್’ (1948) ಚಿತ್ರದಲ್ಲಿ ಟೆಕ್ಸಸ್‌ನಿಂದ ದನಗಳ ಮಂದೆ ಹೊರಡುತ್ತದೆ. ಜೊತೆಗೆ ಸಾಕುತಂದೆ–ಮಗನ ಹಗೆಯೂ ಬೆಳೆಯುತ್ತದೆ. ಒಂದು ರೂಪದಲ್ಲಿ ಪುಸ್ತಕದ ಪುಟಗಳು ಕಥೆಯ ಕೊಂಡಿಗಳಾಗಿವೆ (133 ನಿಮಿಷ). ಇನ್ನೊಂದರಲ್ಲಿ ವಾಲ್ಟರ್ ಬ್ರೆನನ್ ಅವರ ನಿರೂಪಣೆಯ ಧ್ವನಿಯಿದೆ (127 ನಿಮಿಷ). ಉದ್ದನೆಯದೇ ನಿರ್ದೇಶಕರ ಆಯ್ಕೆ ಎಂದು ಭಾವಿಸಿ ವಿಡಿಯೊದಲ್ಲಿ ಬಹುಕಾಲ ಅದನ್ನೇ ಹೆಚ್ಚಾಗಿ ಮಾರಲಾಯಿತು. ಆದರೆ ಹಾಕ್ಸ್ ಮೆಚ್ಚಿದ್ದು ಬ್ರೆನನ್ ಧ್ವನಿಯ ರೂಪವನ್ನು. ಕೊನೆಯ ಕಾಳಗ ತಮ್ಮ ‘ದಿ ಔಟ್‌ಲಾ’ ಚಿತ್ರವನ್ನು ಹೋಲುತ್ತದೆ ಎಂದು ಹೊವರ್ಡ್ ಹ್ಯೂಸ್ ತಕರಾರು ತೆಗೆದಿದ್ದರಿಂದ ಆ ಭಾಗಕ್ಕೆ ಕತ್ತರಿ ಬಿದ್ದದ್ದೂ ಈ ಗೊಂದಲಕ್ಕೆ ಸೇರಿಕೊಂಡಿತು. ‘ಉದ್ದವಿದ್ದದ್ದೇ ಪೂರ್ಣ’ ಎಂಬ ನಿಯಮ ಎಲ್ಲೆಡೆ ಸಲ್ಲದು ಎಂಬುದಕ್ಕೆ ಇದು ಸಾಕ್ಷಿ.

ರಾವುಲ್ ವಾಲ್ಶ್ ಅವರ ‘ದಿ ಬಿಗ್ ಟ್ರೇಲ್’ (1930) ಚಿತ್ರವನ್ನು ಏಕಕಾಲದಲ್ಲಿ 35 ಎಂ.ಎಂ. ಮತ್ತು ಅಗಲ ಪರದೆಯ 70 ಎಂ.ಎಂ. ಕ್ಯಾಮೆರಾಗಳಲ್ಲಿ ಚಿತ್ರೀಕರಿಸಲಾಗಿತ್ತು. ಆರ್ಥಿಕ ಮುಗ್ಗಟ್ಟಿನ ಆ ವರ್ಷ ಹೊಸ ಯಂತ್ರ ಕೊಳ್ಳಲು ಚಿತ್ರಮಂದಿರಗಳ ಬಳಿ ಹಣವಿರಲಿಲ್ಲ. ಚಿತ್ರ ಸೋತಿತು, ನಾಯಕ ಜಾನ್ ವೇನ್ ಮತ್ತೆ ಮೇಲೇಳಲು ಒಂಬತ್ತು ವರ್ಷ ಬೇಕಾಯಿತು. 2008ರ ಡಿವಿಡಿಯಲ್ಲಿ ಎರಡೂ ರೂಪಗಳು ಇವೆ. ಬಂಡಿಗಳ ಸಾಲು ಪರದೆಯ ಈ ತುದಿಯಿಂದ ಆ ತುದಿಗೆ ಹಬ್ಬುವ ಅಗಲದ ರೂಪವನ್ನು ನೋಡಿದವರಿಗೆ ಈ ಚಿತ್ರ ಏಕೆ ಸೋತಿತೆಂದು ಅಚ್ಚರಿಯಾದೀತು.

ಬಣ್ಣದ ಜಗಳ

1980ರ ದಶಕದಲ್ಲಿ ಕಂಪ್ಯೂಟರ್ ನೆರವಿನಿಂದ ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚುವ ವಿಧಾನ ಬಂದಿತು. 1986ರಲ್ಲಿ ಎಂಜಿಎಂ ಸಂಗ್ರಹವನ್ನು ಕೊಂಡ ಉದ್ಯಮಿ ಟೆಡ್ ಟರ್ನರ್ ಅನೇಕ ಚಿತ್ರಗಳಿಗೆ ಬಣ್ಣ ಹಚ್ಚಿಸಿದರು. ಹೊಸ ಪ್ರೇಕ್ಷಕರು ಕಪ್ಪು–ಬಿಳುಪನ್ನು ನೋಡುವುದಿಲ್ಲ ಎಂಬುದು ವ್ಯಾಪಾರಿಗಳ ವಾದ. ಬೆಳಕು–ನೆರಳನ್ನೇ ನಂಬಿ ಕಟ್ಟಿದ ಚಿತ್ರವನ್ನು ಕೆಡಿಸಿದಂತೆ ಎಂಬುದು ನಿರ್ದೇಶಕರ ವಾದ. ವಿಷಯ ಅಮೆರಿಕದ ಸಂಸತ್ತಿನವರೆಗೂ ಹೋಯಿತು.

ಇದರ ಫಲವಾಗಿ 1988ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. ಪ್ರತಿ ವರ್ಷ 25 ಮಹತ್ವದ ಚಿತ್ರಗಳನ್ನು ಆರಿಸಿ ನೋಂದಾಯಿಸುವ ಪದ್ಧತಿ ಮರುವರ್ಷ ಆರಂಭವಾಯಿತು. 1989ರ ಮೊದಲ ಪಟ್ಟಿಯಲ್ಲೇ ‘ಹೈ ನೂನ್’ ಸ್ಥಾನ ಪಡೆಯಿತು. ‘ರೆಡ್ ರಿವರ್’ ಮತ್ತು ‘ದಿ ಗ್ರೇಟ್ ಟ್ರೈನ್ ರಾಬರಿ’ 1990ರಲ್ಲಿ, ‘ಮೈ ಡಾರ್ಲಿಂಗ್ ಕ್ಲೆಮಂಟೈನ್’ 1991ರಲ್ಲಿ, ‘ಸ್ಟೇಜ್‌ಕೋಚ್’ 1995ರಲ್ಲಿ ಸೇರಿದವು. ಬಣ್ಣ ಬಳಿಯುವ ಹುಮ್ಮಸ್ಸು ಕೆಲವೇ ವರ್ಷಗಳಲ್ಲಿ ಇಳಿಯಿತಾದರೂ, ಅಂಥ ಪ್ರತಿಗಳು ಅಗ್ಗದ ಡಿಸ್ಕ್‌ಗಳಲ್ಲಿ ಉಳಿದುಕೊಂಡವು.

ಮರುನೋಟದಲ್ಲಿ ಕಾಣುವುದು

ಒಳ್ಳೆಯ ಪ್ರತಿ ದೊರೆತ ಮಾತ್ರಕ್ಕೆ ಎಲ್ಲವೂ ಮೆಚ್ಚುಗೆಯಾಗಬೇಕೆಂದಿಲ್ಲ. ‘ಸ್ಟೇಜ್‌ಕೋಚ್’ನಲ್ಲಿ ಅಪಾಚೆ ಜನ ಮುಖವಿಲ್ಲದ, ಮಾತಿಲ್ಲದ ಶತ್ರುಗಳು, ಆ ಪಾತ್ರಗಳಲ್ಲಿ ಕಾಣಿಸಿಕೊಂಡವರಲ್ಲಿ ಅನೇಕರು ಆ ನೆಲದವರೇ ಆದ ನವಾಹೊ ಜನ. ಮೂಲನಿವಾಸಿಗಳನ್ನು ಹೀಗೆ ಗುಂಡಿಗೆ ಗುರಿಯಾಗಿಯಷ್ಟೇ ತೋರಿಸಿದ ಅಭ್ಯಾಸ ಇಂದಿನ ನೋಡುಗರ ಕಣ್ಣಿಗೆ ಚುಚ್ಚದೆ ಇರದು. ಅದೇ ಫೋರ್ಡ್ ಒಂಬತ್ತು ವರ್ಷಗಳ ಅನಂತರ ತೆಗೆದ ‘ಫೋರ್ಟ್ ಅಪಾಚೆ’ಯಲ್ಲಿ ಅಪಾಚೆ ನಾಯಕ ಕೊಚೀಸ್ ಘನತೆಯಿಂದ ಮಾತನಾಡುತ್ತಾನೆ, ಮಾತಿಗೆ ತಪ್ಪುವವನು ಬಿಳಿಯ ಸೇನಾಧಿಕಾರಿ. ಆ ಅಧಿಕಾರಿಯ ಅಹಂಕಾರ ಒಂದು ಪಡೆಯನ್ನೇ ಸಾವಿನ ಬಾಯಿಗೆ ದೂಡುತ್ತದೆ. ಈ ಎರಡು ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡುವುದು ಉಪಯುಕ್ತ.

ವಿಲಿಯಂ ವೆಲ್‌ಮನ್ ನಿರ್ದೇಶನದ ‘ದಿ ಆಕ್ಸ್–ಬೋ ಇನ್ಸಿಡೆಂಟ್’ (1943) ಕೇವಲ 75 ನಿಮಿಷದ ಚಿತ್ರ. ಕೊಲೆಯಾಗಿದೆ ಎಂಬ ಸುದ್ದಿಯನ್ನು ನಂಬಿದ ಊರಿನ ಗುಂಪೊಂದು ವಿಚಾರಣೆಯಿಲ್ಲದೆ ಮೂವರನ್ನು ನೇಣಿಗೇರಿಸುತ್ತದೆ. ಅವರು ನಿರಪರಾಧಿಗಳೆಂಬುದು ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಸತ್ತವನೊಬ್ಬ ಹೆಂಡತಿಗೆ ಬರೆದ ಪತ್ರವನ್ನು ಹೆನ್ರಿ ಫೋಂಡಾ ಓದುವಾಗ, ಪಕ್ಕದಲ್ಲಿ ನಿಂತವನ ಟೋಪಿಯ ಅಂಚು ಅವರ ಕಣ್ಣುಗಳನ್ನು ಮರೆಮಾಡಿರುತ್ತದೆ. ತುಟಿಗಳಷ್ಟೇ ಕಾಣುತ್ತವೆ. ಹಳೆಯ ಕ್ಯಾಸೆಟ್‌ನಲ್ಲಿ ಇದು ಕತ್ತಲೆಯ ಕಲೆಯಂತಷ್ಟೇ ಇತ್ತು. ಶುದ್ಧ ಪ್ರತಿಯಲ್ಲಿ ಅದು ನಿರ್ದೇಶಕರು ಬೇಕೆಂದೇ ಮಾಡಿದ ಆಯ್ಕೆ ಎಂಬುದು ಗೋಚರಿಸುತ್ತದೆ. ವದಂತಿಗೆ ಕಿವಿಗೊಟ್ಟ ಗುಂಪು ಕಾನೂನನ್ನು ಕೈಗೆತ್ತಿಕೊಳ್ಳುವ ಕಥೆ ಇಂದಿಗೂ ಹಳತಾಗಿಲ್ಲ ಎಂದು ಬೇರೆ ಹೇಳಬೇಕಿಲ್ಲ.

‘ಹೈ ನೂನ್’ ಹಿಂದೆ ಅದು ತಯಾರಾದ ಕಾಲದ ಭೀತಿಯ ನೆರಳಿದೆ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಅವರನ್ನು ಕಮ್ಯುನಿಸ್ಟರ ಬೇಟೆಯಲ್ಲಿ ತೊಡಗಿದ್ದ ಸಂಸದೀಯ ಸಮಿತಿ ವಿಚಾರಣೆಗೆ ಕರೆದಿತ್ತು. ಇತರರ ಹೆಸರು ಹೇಳಲು ನಿರಾಕರಿಸಿದ ಅವರು ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಆಪತ್ತಿನಲ್ಲಿ ಬಾಗಿಲು ಹಾಕಿಕೊಳ್ಳುವ ನೆರೆಹೊರೆಯವರ ಚಿತ್ರಣ ಅವರ ಸ್ವಂತ ಅನುಭವಕ್ಕೆ ಹತ್ತಿರವಾಗಿತ್ತು. ಚಿತ್ರ ನಾಲ್ಕು ಆಸ್ಕರ್ ಗಳಿಸಿತು. ಗ್ಯಾರಿ ಕೂಪರ್ ಶ್ರೇಷ್ಠ ನಟರೆನಿಸಿದರು.

ವರ್ಣಚಿತ್ರಗಳೇ ಮೇಲುಗೈ ಸಾಧಿಸಿದ್ದ 1962ರಲ್ಲಿ ಫೋರ್ಡ್ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ ಚಿತ್ರವನ್ನು ಕಪ್ಪು–ಬಿಳುಪಿನಲ್ಲೇ ತೆಗೆದರು. ದುಷ್ಟನನ್ನು ಕೊಂದ ವೀರನೆಂಬ ಕೀರ್ತಿಯಿಂದ ಸೆನೆಟರ್ ಆದ ವ್ಯಕ್ತಿ, ಕೊಂದವನು ತಾನಲ್ಲವೆಂದು ಪತ್ರಿಕೆಯವರ ಮುಂದೆ ಒಪ್ಪಿಕೊಳ್ಳುತ್ತಾನೆ. ಸಂಪಾದಕ ಆ ಟಿಪ್ಪಣಿಯನ್ನು ಹರಿದು ಒಲೆಗೆ ಹಾಕುತ್ತಾನೆ. ಕೌಬಾಯ್ ಚಿತ್ರಗಳು ಅಷ್ಟು ವರ್ಷ ಸಾಕಿದ ದಂತಕಥೆಯನ್ನು ಆ ಪ್ರಕಾರದ ಹಿರಿಯರೇ ಪ್ರಶ್ನಿಸಿದ ಚಿತ್ರವಿದು.

ಕರ್ನಾಟಕದ ನಂಟು

ಅಮೆರಿಕದ ಈ ಪ್ರಕಾರದ ಪ್ರಭಾವ ಭಾರತಕ್ಕೂ ತಲುಪಿತು. ಕನ್ನಡದಲ್ಲಿ ದ್ವಾರಕೀಶ್ ಅಭಿನಯದ ‘ಕೌಬಾಯ್ ಕುಳ್ಳ’ (1973) ಅದರ ಹೆಸರನ್ನೇ ಹೊತ್ತು ಬಂದಿತು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ (1975) ವರ್ಣಚಿತ್ರವಾದರೂ ಅದೇ ವಂಶಕ್ಕೆ ಸೇರಿದ್ದು. ಪ್ರತಿಗಳ ಸಮಸ್ಯೆಯೂ ಅದನ್ನು ಕಾಡಿತು. ಸೆನ್ಸಾರ್ ಆಕ್ಷೇಪದಿಂದ ಬದಲಾದ ಅದರ ಅಂತ್ಯವನ್ನು ಮೂಲದಂತೆ ಮರುಸ್ಥಾಪಿಸಿದ ಪ್ರತಿ, 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಪ್ರದರ್ಶನ ಕಂಡಿತು.

ಕೊಳ್ಳುವ ಮುನ್ನ ಗಮನಿಸಿ

* ಅವಧಿ: ಡಿಸ್ಕ್‌ನ ಮೇಲೆ ನಮೂದಾಗಿರುವ ಅವಧಿಯನ್ನು ಚಿತ್ರದ ಮೂಲ ಅವಧಿಯೊಂದಿಗೆ ಹೋಲಿಸಬೇಕು. ಪಾಲ್ ಪದ್ಧತಿಯ ಡಿವಿಡಿಗಳಲ್ಲಿ ಚಿತ್ರ ಶೇ 4ರಷ್ಟು ವೇಗವಾಗಿ ಓಡುವುದರಿಂದ 96 ನಿಮಿಷದ ಚಿತ್ರ 92 ನಿಮಿಷಕ್ಕೆ ಮುಗಿಯುತ್ತದೆ, ಅದು ಕತ್ತರಿಯಲ್ಲ. ಅದಕ್ಕಿಂತ ಹೆಚ್ಚು ಕೊರತೆಯಿದ್ದರೆ ಅನುಮಾನಿಸಬಹುದು.

* ಪರದೆಯ ಆಕಾರ: 1950ರ ದಶಕದ ಆರಂಭದವರೆಗಿನ ಚಿತ್ರಗಳು ಬಹುತೇಕ ಚೌಕಕ್ಕೆ ಹತ್ತಿರವಾದ 1.37:1 ಆಕಾರದವು. ಅಗಲದ ಟಿ.ವಿ.ಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಕಾಣುವುದೇ ಸರಿ. ಹಿಗ್ಗಿಸಿದರೆ ಕುದುರೆಗಳು ಕುಳ್ಳಗಾಗುತ್ತವೆ. ಸಿನಿಮಾಸ್ಕೋಪ್‌ನ ‘ಫಾರ್ಟಿ ಗನ್ಸ್’ (1957) ಅಂಥ ಚಿತ್ರಗಳಲ್ಲಿ ಸಮಸ್ಯೆ ತಿರುಗುಮುರುಗು: ಹಳೆಯ ಟಿ.ವಿ. ಆಕಾರಕ್ಕೆ ಕತ್ತರಿಸಿದ ಪ್ರತಿಗಳಲ್ಲಿ ಚಿತ್ರದ ಶೇ 40ಕ್ಕೂ ಹೆಚ್ಚು ಭಾಗ ಹೊರಗುಳಿಯುತ್ತದೆ.

* ಮೂಲ: ಯಾವ ನೆಗೆಟಿವ್ ಅಥವಾ ಪ್ರತಿಯಿಂದ ತಯಾರಿಸಲಾಗಿದೆ ಎಂಬ ವಿವರವನ್ನು ಒಳ್ಳೆಯ ಪ್ರಕಾಶಕರು ನೀಡುತ್ತಾರೆ. ಹತ್ತಿಪ್ಪತ್ತು ಚಿತ್ರಗಳನ್ನು ಒಂದೇ ಡಬ್ಬಿಯಲ್ಲಿ ತುಂಬಿ ಮಾರುವ ಅಗ್ಗದ ಸಂಗ್ರಹಗಳಲ್ಲಿ ಈ ವಿವರ ಸಿಗುವುದು ಅಪರೂಪ.

* ಕಣಗಳು: ಪರದೆಯ ಮೇಲೆ ಸಣ್ಣ ಮರಳಿನಂತೆ ಆಡುವ ಕಣಗಳು ಫಿಲ್ಮ್‌ನ ಸ್ವಭಾವ. ಅವನ್ನು ಪೂರ್ತಿ ಒರೆಸಿದ ಪ್ರತಿಗಳಲ್ಲಿ ಮುಖಗಳು ಮೇಣದ ಬೊಂಬೆಯಂತೆ ಕಾಣುತ್ತವೆ. ಟಿ.ವಿ.ಯಲ್ಲಿರುವ ‘ನಾಯ್ಸ್ ರಿಡಕ್ಷನ್’, ‘ಮೋಷನ್ ಸ್ಮೂದಿಂಗ್’ ಸೌಲಭ್ಯಗಳನ್ನು ಆರಿಸಿ ನೋಡುವುದು ಒಳಿತು.

* ವಲಯ ಸಂಖ್ಯೆ: ಭಾರತ ಡಿವಿಡಿಯಲ್ಲಿ 5ನೆಯ ವಲಯಕ್ಕೂ ಬ್ಲೂ–ರೇಯಲ್ಲಿ ‘ಸಿ’ ವಲಯಕ್ಕೂ ಸೇರಿದೆ. ಅಮೆರಿಕದ ಡಿಸ್ಕ್‌ಗಳು 1 ಹಾಗೂ ‘ಎ’ ವಲಯದವು. ತರಿಸುವ ಮುನ್ನ ಮನೆಯ ಪ್ಲೇಯರ್‌ನಲ್ಲಿ ಓಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

* ಜೊತೆಗಿನ ಸಾಮಗ್ರಿ: ‘ವಿಂಚೆಸ್ಟರ್ 73’ (1950) ಚಿತ್ರದ ಡಿವಿಡಿಯಲ್ಲಿ ನಾಯಕ ಜೇಮ್ಸ್ ಸ್ಟುವರ್ಟ್ ಅವರ ಮಾತುಗಳ ಧ್ವನಿಮುದ್ರಣವಿದೆ. ಲೇಸರ್‌ಡಿಸ್ಕ್ ಕಾಲದಲ್ಲಿ ದಾಖಲಿಸಿದ್ದು. ಇಂಥ ದಾಖಲೆಗಳು ಡಿಸ್ಕ್‌ಗಳಲ್ಲದೆ ಬೇರೆಡೆ ದೊರೆಯುವುದು ಕಷ್ಟ.

ಮುಂದೇನು?

ಡಿಸ್ಕ್‌ಗಳ ವ್ಯಾಪಾರ ಕುಗ್ಗುತ್ತಿದೆ. ಅಂಚೆಯ ಮೂಲಕ ಡಿಸ್ಕ್ ಬಾಡಿಗೆಗೆ ಕೊಡುವ ಸೇವೆಯನ್ನು ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಅಮೆರಿಕದ ದೊಡ್ಡ ಮಳಿಗೆ ಸರಣಿ ಬೆಸ್ಟ್ ಬೈ 2024ರಲ್ಲಿ ಡಿಸ್ಕ್ ಮಾರಾಟದಿಂದ ಹಿಂದೆ ಸರಿಯಿತು. ಅಂತರ್ಜಾಲದ ಮೂಲಕ ನೋಡುವಾಗ ಯಾವ ರೂಪ ಸಿಗುತ್ತದೆ, ಎಷ್ಟು ದಿನ ಸಿಗುತ್ತದೆ ಎಂಬುದು ನೋಡುಗರ ಕೈಯಲ್ಲಿಲ್ಲ. ಕಪಾಟಿನಲ್ಲಿರುವ ಡಿಸ್ಕ್ ಮಾತ್ರ ಇದ್ದಂತೆಯೇ ಇರುತ್ತದೆ. ಒಬ್ಬ ನಟ ತನ್ನ ಮನೆಯಲ್ಲಿ ಜೋಪಾನ ಮಾಡಿದ ಪ್ರತಿಯೇ ‘ಸ್ಟೇಜ್‌ಕೋಚ್’ಗೆ ಆಸರೆಯಾದದ್ದನ್ನು ನೆನೆದರೆ, ಒಳ್ಳೆಯ ಪ್ರತಿಯನ್ನು ಹುಡುಕಿ ಕಾಪಾಡಿಕೊಳ್ಳುವುದರ ಬೆಲೆ ತಿಳಿಯುತ್ತದೆ.

ಆರಂಭಕ್ಕೆ ಹತ್ತು ಚಿತ್ರಗಳು

1. ಸ್ಟೇಜ್‌ಕೋಚ್ (1939) – ನಿರ್ದೇಶನ: ಜಾನ್ ಫೋರ್ಡ್, 96 ನಿಮಿಷ
2. ದಿ ಆಕ್ಸ್–ಬೋ ಇನ್ಸಿಡೆಂಟ್ (1943) – ವಿಲಿಯಂ ವೆಲ್‌ಮನ್, 75 ನಿಮಿಷ
3. ಮೈ ಡಾರ್ಲಿಂಗ್ ಕ್ಲೆಮಂಟೈನ್ (1946) – ಜಾನ್ ಫೋರ್ಡ್. 97 ಮತ್ತು 103 ನಿಮಿಷ
4. ಫೋರ್ಟ್ ಅಪಾಚೆ (1948) – ಜಾನ್ ಫೋರ್ಡ್. ಸುಮಾರು 128 ನಿಮಿಷ
5. ರೆಡ್ ರಿವರ್ (1948) – ಹೊವರ್ಡ್ ಹಾಕ್ಸ್. 127 ಮತ್ತು 133 ನಿಮಿಷ
6. ದಿ ಗನ್‌ಫೈಟರ್ (1950) – ಹೆನ್ರಿ ಕಿಂಗ್. ಸುಮಾರು 85 ನಿಮಿಷ
7. ವಿಂಚೆಸ್ಟರ್ 73 (1950) – ಆ್ಯಂಟನಿ ಮ್ಯಾನ್, 92 ನಿಮಿಷ
8. ಹೈ ನೂನ್ (1952) – ಫ್ರೆಡ್ ಜಿನ್ನೆಮನ್, 85 ನಿಮಿಷ
9. 3:10 ಟು ಯೂಮಾ (1957) – ಡೆಲ್ಮರ್ ಡೇವ್ಸ್, 92 ನಿಮಿಷ
10. ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್ (1962) – ಜಾನ್ ಫೋರ್ಡ್, 123 ನಿಮಿಷ